ತಕ್ಕಡಿಯ ಮೇಲೆ ಬಿಟ್ಟ ಉಸಿರು

ಹಾಲೂಡಿಸುವ ತಾಯಂದಿರಿಗೆಂದು ಮಿಡ್‌ವೈಫ್ ನನಗೆ ಕೊಟ್ಟಿರುವ ಮುಲಾಮಿನ ಮುಚ್ಚಳ ತೆಗೆದರೆ ಕುರಿ ಉಣ್ಣೆಯ ಜಿಡ್ಡಿನ ವಾಸನೆ ಬರುತ್ತದೆ. ಅದು ಇಂಗ್ಲೆಂಡಿನ ಡಿಡ್ಸ್‌ಬರಿಯ ನಮ್ಮ ಹಳೆಯ ಮನೆಯ ಗರಾಜಿನ ವಾಸನೆ.

ಆಸ್ಪತ್ರೆಯ ಡ್ಯೂಟಿ ರೋಟಾದಲ್ಲಿ ಅಪ್ಪನಿಗೆ ಭಾನುವಾರ ರಜೆ ಸಿಗುತ್ತಿದ್ದುದೇ ಅಪರೂಪ. ಸಿಕ್ಕ ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚುವುದು ಅವರ ಕೆಲಸವಾಗಿತ್ತು. ರೈಫಲ್ ಕ್ಲಬ್ಬಿಗೆ ಸೇರಿದ ಮೇಲೆ ಆ ಭಾನುವಾರಗಳೆಲ್ಲ ಗರಾಜಿನ ಪಾಲಾದವು. ಹಾರಿಸಿ ಖಾಲಿಯಾದ ಹಿತ್ತಾಳೆಯ ತೋಟಾಗಳಿಗೆ ಆ ಜಿಡ್ಡು ಸವರಿ, ಮೊದಲಿನ ಅಳತೆಗೆ ಬರುವಂತೆ ಅಚ್ಚಿನಲ್ಲಿ ಒತ್ತಿ, ಅವರು ಮತ್ತೆ ಮದ್ದು ತುಂಬುತ್ತಿದ್ದರು.

ಅವತ್ತು ಮಧ್ಯಾಹ್ನ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಗರಾಜಿಗೆ ಹೋದಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

“ಅಂಗಡೀಲಿ ರೆಡಿ ತೋಟಾ ಸಿಗುತ್ತಲ್ರೀ. ಈ ಮಿಷಿನ್ನಿಗೆ ಅಷ್ಟು ದುಡ್ಡು ಸುರಿದ್ರಿ, ಉಳಿದಿದ್ದೇನು? ಸಿಗೋ ಒಂದು ಭಾನುವಾರಾನೂ ಹೋಯ್ತು.”

“ಉಳಿಸೋಕಲ್ಲ ಕಣೇ,” ಎಂದರು ಅಪ್ಪ. “ಅಂಗಡೀದು ಯಾರ ರೈಫಲ್ಲಿಗಾದ್ರೂ ಆಗುತ್ತೆ. ಇದು ನನ್ನದಕ್ಕೇ ಅಂತ ಅಳತೆ ಮಾಡಿದ್ದು.”

ಒಂದೊಂದನ್ನೂ ಬೆಳಕಿಗೆ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿ ನೋಡುತ್ತಿದ್ದರು. ನನ್ನ ನೆತ್ತಿ ತಿಕ್ಕುತ್ತಿದ್ದ ಹೆಬ್ಬೆರಳು ಅದೇ. ಮೇಜಿನ ಮೇಲೆ ಮಿರಮಿರ ಹೊಳೆಯುತ್ತ ನಿಂತಿದ್ದ ಆ ಸಾಲನ್ನು ಕಂಡು ನನ್ನ ಹೊಟ್ಟೆ ಉರಿಯಿತು.

“ಡ್ಯಾಡ್, ಮೈ ಹೇರ್,” ಎಂದೆ.

“ಒಂದ್ನಿಮಿಷ ಪುಟ್ಟಿ, ಮದ್ದು ತೂಗ್ತಿದ್ದೀನಿ. ಹತ್ತಿರ ಬಂದು ಉಸಿರು ಬಿಡಬೇಡ, ತಕ್ಕಡಿ ತಪ್ಪು ತೋರಿಸುತ್ತೆ,” ಎಂದರು ತಲೆಯೆತ್ತದೆ.

ಉಸಿರು ಬಿಗಿಹಿಡಿದು ನಿಂತೆ. ಒಂದು ತೋಟಾ ತುಂಬಿತು, ಇನ್ನೊಂದು ತುಂಬಿತು. ಬಟ್ಟಲಿನ ಎಣ್ಣೆ ಚಳಿಗೆ ಅಂಚಿನಿಂದ ಬೆಳ್ಳಗೆ ಗಟ್ಟಿಯಾಗತೊಡಗಿತು.

ಮೇಜಿನ ಮೇಲೆ ಬಗ್ಗಿ, ತಕ್ಕಡಿಯ ಹತ್ತಿರ ಬಾಯಿ ತಂದು, ಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟೆ.

ತಕ್ಕಡಿಯ ಪುಟ್ಟ ಪರದೆಯಲ್ಲಿ ಅಂಕಿಗಳು ಓಡಾಡಿದವು. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದರು.