ಉಳಿದೊಂದು ಪಾತ್ರೆ

ಅಂಗಳದ ಜಲ್ಲಿಯ ಮೇಲೆ ಪಿಕಪ್ ಬಂದು ನಿಂತ ಸದ್ದು ಕೇಳಿದ್ದೇ ತಡ, ಎಂಬತ್ತರ ಲವೋನ್ ತನ್ನ ಓರಗಿತ್ತಿ ಅರ್ಡಿತ್‌ಳ ಗಾಜಿನ ಪಾತ್ರೆಯನ್ನು ಓವನ್ನಿನೊಳಗೆ ತಳ್ಳಿ ಬಾಗಿಲು ಮುಚ್ಚಿದಳು.

ಗಂಡ ಡೆಲ್ಬರ್ಟ್‌ನನ್ನು ಮಣ್ಣು ಮಾಡಿದ ವಾರ ನೆಬ್ರಾಸ್ಕಾದ ಆ ಸೀಮೆಯ ಹೆಂಗಸರೆಲ್ಲ ಅಡುಗೆ ಮಾಡಿ ತಂದುಕೊಟ್ಟಿದ್ದರು. ಪ್ರತಿ ಪಾತ್ರೆಯ ತಳಕ್ಕೂ ಒಂದು ಅಂಟುಪಟ್ಟಿ, ಅದರ ಮೇಲೆ ಒಡತಿಯ ಹೆಸರು. ಆಮೇಲೆ ಒಬ್ಬೊಬ್ಬರಾಗಿ ಬಂದು, ಕಾಫಿ ಕುಡಿದು, ತಮ್ಮ ತಮ್ಮ ಪಾತ್ರೆ ಒಯ್ದರು. ಒಯ್ದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಒಮಾಹಾದಲ್ಲಿದ್ದ ಮಗಳು ಭಾನುವಾರ ಫೋನ್ ಮಾಡುತ್ತಿದ್ದಳು, ಒಮ್ಮೊಮ್ಮೆ ಮರೆಯುತ್ತಿದ್ದಳು. ಈಗ ಉಳಿದದ್ದು ಇದೊಂದೇ ಪಾತ್ರೆ.

"ಸಿಕ್ತಾ?" ಅರ್ಡಿತ್ ಬಾಗಿಲಲ್ಲಿ ಬೂಟು ಕಳಚುತ್ತಲೇ ಕೇಳಿದಳು.

"ಇಲ್ಲ ಕಣೇ. ಎಲ್ಲಿಟ್ಟೆನೋ ಏನೋ."

"ಹೋದ ವಾರಾನೂ ಇದನ್ನೇ ಹೇಳ್ದೆ. ತಲೇಲಿ ಬರೀ ಹೊಟ್ಟು ತುಂಬ್ಕೊಂಡಿದೀಯ. ಇರು, ಬನ್ ತಂದಿದೀನಿ, ಬಿಸಿ ಮಾಡ್ತೀನಿ."

ಲವೋನ್ ಕುರ್ಚಿಯಿಂದ ಏಳುವಷ್ಟರಲ್ಲಿ ಅವಳು ಓವನ್ನಿನ ಬಾಗಿಲು ತೆರೆದೇಬಿಟ್ಟಳು. ತೊಳೆದು ಒರೆಸಿಟ್ಟ ಪಾತ್ರೆ ಒಳಗೆ ಹೊಳೆಯುತ್ತಿತ್ತು. ಲವೋನ್ ತಲೆ ತಗ್ಗಿಸಿ, ಮೇಜಿನ ಬಟ್ಟೆಯಲ್ಲಿ ಇಲ್ಲದ ಸುಕ್ಕನ್ನು ತೀಡತೊಡಗಿದಳು.

ಅರ್ಡಿತ್ ಮೆಲ್ಲನೆ ಬಾಗಿಲು ಮುಚ್ಚಿದಳು. ತಣ್ಣಗಿದ್ದ ಬನ್ನುಗಳನ್ನು ಹಾಗೆಯೇ ತಟ್ಟೆಗೆ ಹಾಕಿಕೊಂಡು ಬಂದು ಎದುರು ಕೂತಳು.

"ಇಷ್ಟು ದೊಡ್ಡ ಮನೇಲಿ ಅಷ್ಟು ಬೇಗ ಎಲ್ಲಿ ಸಿಗುತ್ತೆ," ಎಂದಳು. "ಗುರುವಾರ ಬರ್ತೀನಿ. ಇಬ್ರೂ ಸೇರಿ ಹುಡುಕೋಣ."