ಗೀಸರಿನ ಕೆಂಪು ನೀರು

ಹನೂರಿನಲ್ಲಿ ಬೆಟ್ಟದ ಬಸ್ಸು ಹತ್ತುತ್ತಿದ್ದ ಶಾಂತರಾಜುವನ್ನು ಕೊರಳಪಟ್ಟಿ ಹಿಡಿದು ಕೆಳಗೆಳೆದವನು ಕುಮಾರಸ್ವಾಮಿ. ಏನು, ಎತ್ತ ಎಂದು ಕೇಳುವ ಮೊದಲೇ ಕೆನ್ನೆಗೆ ಬಿತ್ತು. ಪ್ಲಂಬಿಂಗ್ ಸಾಮಾನಿನ ಚೀಲ ಡಾಂಬರಿನ ಮೇಲೆ ಚೆಲ್ಲಾಡಿತು. ಸುತ್ತ ನಿಂತವರು ನೋಡಿದರು. ಯಾರೂ ತಡೆಯಲಿಲ್ಲ.

"ನನ್ನೆಂಡ್ತಿನ ಬೇಯಿಸ್ಬುಟ್ಟು ಓಡೋಯ್ತಿದ್ದೀಯೇನ್ಲಾ?"

ಬೆಟ್ಟದ ಲಾಡ್ಜೊಂದರಲ್ಲಿ ನಲ್ಲಿ ಕೆಲಸವಿದೆ, ಅದಕ್ಕೆ ಹೊರಟೆ ಎಂದ ಶಾಂತರಾಜು. ಯಾರು ನಂಬುತ್ತಾರೆ?

ಅಂದು ಬೆಳಿಗ್ಗೆ ಕೊಲ್ಲೇಗಾಲದ ಕುಮಾರಸ್ವಾಮಿಯ ಮನೆಯಲ್ಲಿ ಗೀಸರ್ ಸಿಡಿದಿತ್ತು. ಅತ್ತೆಯ ಸ್ನಾನಕ್ಕೆ ನೀರು ಹಿಡಿಯಲು ಹೋಗಿದ್ದ ಅವನ ಹೆಂಡತಿ ಭವ್ಯ, ಮುಖ ಎದೆಯೆಲ್ಲ ಬೆಂದು ಮೈಸೂರಿನ ಆಸ್ಪತ್ರೆ ಸೇರಿದ್ದಳು. ಹಿಂದಿನ ದಿನವಷ್ಟೇ ಆ ಗೀಸರನ್ನು ಬಿಚ್ಚಿ ಜೋಡಿಸಿದ್ದವನು ಶಾಂತರಾಜು.

ಕೆಲವು ದಿನಗಳಿಂದ ಅದರಲ್ಲಿ ಕೆಂಪು ನೀರು ಬರುತ್ತಿತ್ತು. ಮಿಂದು ಲಿಂಗಪೂಜೆ ಮುಗಿಸದೆ ಕುಮಾರಸ್ವಾಮಿಯ ತಾಯಿ ಗುರುಬಸಮ್ಮನ ಗಂಟಲಿಗೆ ಗುಟುಕು ಕಾಫಿಯೂ ಇಳಿಯದು. ಈ ನೀರು ಮೈಗೆ ಹುಯ್ದುಕೊಂಡು ಪೂಜೆಗೆ ಕೂರುವುದು ಹೇಗೆ ಎಂದು ಅವಳು ಮನೆಯವರ ಜೀವ ತಿಂದಳು. ಶಾಂತರಾಜುವಿಗೆ ಫೋನು ಹೋಯಿತು. ಬಂದ. ಮುಂಬಾಗಿಲಿನಿಂದಲ್ಲ, ಕೊಟ್ಟಿಗೆ ಬಳಸಿಕೊಂಡು, ಹಿತ್ತಿಲ ಬಾಗಿಲಿನಿಂದ.

ಟ್ಯಾಂಕು ಬಿಚ್ಚಿದರೆ ತಳದಲ್ಲಿ ಬೋರ್ ನೀರಿನ ಸುಣ್ಣ, ತುಕ್ಕಿನ ಚಕ್ಕೆ, ಕೆಸರಿನಂಥ ಗಸಿ. ಬಕೆಟ್ಟು ತುಂಬಾ ಕೆರೆದು ತೆಗೆದ. ಆವಿ ಹೆಚ್ಚಾದರೆ ಹೊರಗೆ ಬಿಡಬೇಕಾದ ಸೇಫ್ಟಿ ವಾಲ್ವ್ ಸುಣ್ಣ ಕಟ್ಟಿ ಕಲ್ಲಾಗಿತ್ತು. ಬೆವರೊರೆಸಿಕೊಂಡು ಕುಡಿಯಲು ನೀರು ಕೇಳಿದ. ಗುರುಬಸಮ್ಮ ಚೊಂಬನ್ನು ಎತ್ತಿ ಹಿಡಿದು ಮೇಲಿನಿಂದ ಅವನ ಬೊಗಸೆಗೆ ಸುರಿದಳು. ಬೊಗಸೆಗೆ ಅರ್ಧ, ಅಂಗಿಗೆ ಅರ್ಧ. ಫೋನಿನಲ್ಲಿ ಲೋಕವನ್ನೆಲ್ಲ ನೋಡುತ್ತಿದ್ದ ಮಗ ಇದನ್ನೂ ನೋಡಿದ. ಮತ್ತೆ ಫೋನು ನೋಡಿದ.

ಶಾಂತರಾಜು ಅಂಗಿ ಹಿಂಡಿಕೊಂಡು ಗೊಣಗಿದ. ಅದು ಮುದುಕಿಯ ಕಿವಿಗೆ ಬಿತ್ತು.

"ಬೆಂದೋಗ್ಲಿ ಈ ಮನೆ."

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ಅದು. ಅಂದಿದ್ದೆಯಾ, ಇಲ್ಲವಾ? ಅಂದಿದ್ದೆ ಎಂದ. ಅವರ ಮೇಲೆ ಸಿಟ್ಟಿತ್ತಾ? ಈಗಲೂ ಇದೆ ಎಂದ. ಕುತ್ತಿಗೆಗೆ ಬಂದಾಗಲೂ ಸುಳ್ಳು ಹೇಳಲು ಬಾರದ ಬಾಯಿ.

ಸಿಡಿದ ಟ್ಯಾಂಕು ನೋಡಲು ಕರೆಸಿದ ಮೆಕ್ಯಾನಿಕ್ ಪುಟ್ಟಮಾದಯ್ಯ ಉಳಿದದ್ದನ್ನು ಮುಗಿಸಿದ. ಸೇಫ್ಟಿ ವಾಲ್ವ್ ಇರಬೇಕಾದ ಜಾಗದಲ್ಲಿ ವಾಲ್ವೇ ಇರಲಿಲ್ಲ, ಹಳೆಯದೂ ಇಲ್ಲ, ಹೊಸದೂ ಇಲ್ಲ. ಆ ತೂತಿಗೆ ಕಬ್ಬಿಣದ ಬಿರಡೆಯೊಂದನ್ನು ದಾರ ಸುತ್ತಿ ಬಿಗಿದಿದ್ದರು.

"ಗೀಸರ್ ಆಫ್ ಆಗ್ನಿಲ್ಲ, ಆವಿಗೆ ದಾರಿ ಇರ್ನಿಲ್ಲ ಸಾ," ಎಂದ ಪುಟ್ಟಮಾದಯ್ಯ. "ಈ ಬಿರಡೆ ತಿರುಗ್ಸಿದ್ ಕೈಯೇ ಆಯಮ್ಮನ್ನ ಬೇಯಿಸಿರೋದು."

"ನಾ ಬಿರಡೆ ಆಕ್ನಿಲ್ಲ ಸಾ. ಒಸಾ ವಾಲ್ವು, ಊದಿ ನೋಡೇ ಕೂರ್ಸಿವ್ನಿ," ಎಂದ ಶಾಂತರಾಜು.

ಹಾಗಾದರೆ ಅದು ಎಲ್ಲಿ ಹಾರಿಹೋಯಿತು ಎಂದು ಇನ್ಸ್‌ಪೆಕ್ಟರ್ ಕೇಳಿದರು. ಚೀಲ ಸುರಿದರೆ ಅಂಥದೇ ಬಿರಡೆಗಳು ನೆಲದ ಮೇಲೆ ಉರುಳಿದವು.

ಅಷ್ಟು ಹೊತ್ತೂ ಬೈಯುತ್ತಿದ್ದ ಕುಮಾರಸ್ವಾಮಿಯ ಬಾಯಿ ಕಟ್ಟಿತು. ಮೇಜಿನ ಮೇಲಿದ್ದ ಬಿರಡೆಯನ್ನೇ ನೋಡುತ್ತಾ ಗೋಡೆಗೆ ಒರಗಿಕೊಂಡ. ಹೆಂಡತಿಯ ಸಂಕಟವೆಂದು ಪೇದೆಯೊಬ್ಬ ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟ.

ಸಂಜೆಗೆ ಭವ್ಯ ತೀರಿಕೊಂಡಳು. ಈಗ ಇದು ಕೊಲೆ.

ಶಾಂತರಾಜುವಿನ ತಾಯಿ ಚಿಕ್ಕನಿಂಗಮ್ಮ ಠಾಣೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ. ಇರುವವನೊಬ್ಬ ಮಗ. ಇನ್ನು ಜೈಲಿನಲ್ಲೇ ಅವನ ಹೆಣ ಬೀಳುವುದು ಎಂದು ಯಾರೋ ಪುಣ್ಯಾತ್ಮರು ಅವಳಿಗೆ ಬಿಡಿಸಿ ಹೇಳಿದ್ದರು. ಒಳಗೆ ಹೋಗುವವರ ಕಾಲಿಗೆಲ್ಲ ಬಿದ್ದಳು. ಕುಮಾರಸ್ವಾಮಿಯ ಕಾಲಿಗೂ ಬಿದ್ದಳು. ಅವನು ಒದೆಯಲಿಲ್ಲ, ಬೈಯಲೂ ಇಲ್ಲ. ಕಾಲು ಹಿಂದಕ್ಕೆಳೆದುಕೊಂಡು ಬೇರೆ ಕಡೆ ನೋಡಿದ.

ಭವ್ಯಳನ್ನು ಮಣ್ಣು ಮಾಡಿದ ಮೇಲೆ ಉಳಿದಿದ್ದು ಒಂದೇ: ಶಾಂತರಾಜು ಅಂದ ಮಾತನ್ನು ಕಿವಿಯಾರೆ ಕೇಳಿದ್ದ ಗುರುಬಸಮ್ಮನ ಹೇಳಿಕೆ. ಮನೆಗೆ ಬಂದ ಇನ್ಸ್‌ಪೆಕ್ಟರಿಗೆ ಕುಮಾರಸ್ವಾಮಿ ಅಡ್ಡ ನಿಂತ. ತಾಯಿಗೆ ಬಿಪಿ ಎಂದ, ಸಾವಿನ ಮನೆ ಎಂದ.

"ಅವ್ವನ್ನ ಯಾಕ್ ಸಾ ಎಳೀತೀರಿ? ಅವ್ನೇ ಒಪ್ಕಂಡವ್ನಲ್ಲ."

ಹೊಸ್ತಿಲು ಬಿಟ್ಟು ಸರಿಯಲಿಲ್ಲ. ತಪ್ಪು ಮಾಡಿದವನನ್ನು ಬಿಡುವ ಮಾತೇ ಇಲ್ಲ ಎಂದು ಇನ್ಸ್‌ಪೆಕ್ಟರ್ ಬೆನ್ನು ತಟ್ಟಿ ಒಳಗೆ ನಡೆದರು.

ಗುರುಬಸಮ್ಮ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕೇಳಿದ್ದಕ್ಕೆಲ್ಲ ಹೇಳಿದಳು, ಕೇಳದಿದ್ದಕ್ಕೂ ಹೇಳಿದಳು. ಅವನು ಗೊಣಗಿದ್ದು, ದುರುಗುಟ್ಟಿದ್ದು. ಅವನಿಗೆ ನೇಣೇ ಆಗಬೇಕು ಎಂದಳು. ಪೇದೆ ಬರೆದದ್ದನ್ನು ಮಡಚುವಷ್ಟರಲ್ಲಿ ತಡೆದಳು. ಆ ಜಾತಿಗೆಟ್ಟವನು ಎಂಥವನೆಂಬುದಕ್ಕೆ ಇನ್ನೂ ಒಂದು ಇದೆ. ಬಾಗಿಲಲ್ಲಿ ನಿಂತಿದ್ದ ಮಗ ಬೇಡ, ಬೇಡ ಎಂದು ತಲೆಯಾಡಿಸುತ್ತಿದ್ದ. ಮಗನಿಗೆ ಯಾವಾಗಲೂ ದಾಕ್ಷಿಣ್ಯ ಜಾಸ್ತಿ. ಅವಳಿಗಿರಲಿಲ್ಲ.

"ನಾನ್ ಮಿಂದು ಪೂಜೆಗ್ ಕೂರೋ ನೀರು, ಅದರ ವಾಲ್ವಿಗೆ ಬಾಯಿ ಇಟ್ಟು ಊದ್ಬುಟ್ಟ ಕಣಪ್ಪ ಆ ಬಡ್ಡೈದ. ಎಂಜಲು. ಅವ ಅತ್ಲಾಗ್ ಓದೇಟ್ಗೆ ನಮ್ ಕುಮಾರನ ಕೈಲಿ ಅದನ್ನ ಕೀಳ್ಸಿ ತಿಪ್ಪೆಗೆ ಎಸೆಸ್ಬುಟ್ಟು, ಆ ತೂತಿಗೆ ಬಿರಡೆ ಆಕಿಸ್ದೆ. ಅದ್ನೂ ಬರ್ಕೊ."