ಖಾರದ ಕೈ

ಬ್ಯಾಡಗಿಯ ಶಾಲೆಯ ಪಡಸಾಲೆಗೆ ಅಂದು ಸಮುದ್ರವೇ ಬಂದು ಕುಳಿತಿತ್ತು. ಸಮುದ್ರ ಎಂದರೆ ಒಂದು ಅಗಲವಾದ ಅಲ್ಯುಮಿನಿಯಂ ಬೋಗುಣಿ, ಅದರ ತುಂಬ ಕಾರವಾರದ ಉಪ್ಪುನೀರು, ತಳದಲ್ಲಿ ಅಂಗೈಯಗಲದ ಜೀವಂತ ನಕ್ಷತ್ರ ಮೀನು. ಹಾವೇರಿಗೆ ಮೀನಿನ ಲಾರಿ ತರುವ ಇಸಾಕಸಾಬರನ್ನು ಕಾಡಿ ಬೇಡಿ ಇದನ್ನು ತರಿಸಿದವರು ವಿಜ್ಞಾನ ಕಲಿಸುವ ಸುಶೀಲವ್ವ. ಸಂಜೆ ಅದೇ ಲಾರಿಯಲ್ಲಿ ಅದು ಜೀವಂತವಾಗಿ ಮರಳಿ ಕಡಲಿಗೆ ಹೋಗಬೇಕು. ಅದು ಇಸಾಕಸಾಬರ ಕರಾರು.

ಏಳನೆಯ ತರಗತಿಯ ಮಕ್ಕಳು ಕೈ ತೊಳೆದುಕೊಂಡು ಒಬ್ಬೊಬ್ಬರಾಗಿ ಬಂದು ಒಂದು ಬೆರಳಿನಿಂದ ಮೆಲ್ಲಗೆ ಮುಟ್ಟಿ ಹೋದರು. "ಅಯ್ಯ, ಒರಟ ಐತ್ರಿ!" ಎಂದ ಒಬ್ಬ. ಜೈತೂನಬಿ ಮಾತ್ರ ಎಲ್ಲೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಉಸಾಬರಿ ಮಾಡಿದ್ದೇ ಅವಳ ಸಲುವಾಗಿ. ತಲೆಯಿಲ್ಲದ ಪ್ರಾಣಿ ದಾರಿ ಹೇಗೆ ಹುಡುಕುತ್ತದೆ, ಕಾಲು ಎಲ್ಲಿವೆ ಎಂದು ತಿಂಗಳಿಡೀ ಸುಶೀಲವ್ವನ ಜೀವ ತಿಂದವಳು ಅವಳು.

ಅವಳು ನಳದ ಹತ್ತಿರ ಸಿಕ್ಕಳು. ಬೂದಿ ಹಚ್ಚಿ ಹಚ್ಚಿ ಕೈ ತಿಕ್ಕುತ್ತಿದ್ದಳು.

"ಎಲ್ಲಾರದೂ ಆತು. ನೀ ಒಬ್ಬಾಕಿ ಉಳದಿ. ಬಾಯಿ ಅಷ್ಟ ಜೋರೇನ ನಿಂದು? ಅಂಜಿದಿ?" ಸುಶೀಲವ್ವನ ಮಾತಿನಲ್ಲಿ ಸಿಟ್ಟಿಗಿಂತ ನಿರಾಸೆಯೇ ಹೆಚ್ಚಿತ್ತು.

ಜೈತೂನ ಎರಡೂ ಕೈ ಬೆನ್ನ ಹಿಂದೆ ಅಡಗಿಸಿದಳು. "ಅಂಜಿಲ್ರಿ ಅಕ್ಕಾರ. ನನ್ನ ಕೈ ಖಾರ ಅದಾವ್ರಿ. ಮುಂಜಾನೆ ಅಮ್ಮಾನ ಜೋಡಿ ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗ್ತೇನ್ರಿ. ಎಷ್ಟ ತೊಳದ್ರೂ ಹೋಗವಲ್ದು. ಮೊನ್ನೆ ತಮ್ಮನ ಕಣ್ಣು ಒರಸಿದೆ, ಕೂಸು ಸಂಜಿತನಕ ಅತ್ತೈತ್ರಿ. ಸುಗ್ಗಿ ಮುಗಿಯೂತನಕ ಅವನ್ನ ಮುಟ್ಟಬ್ಯಾಡ ಅಂದಾಳ್ರಿ ಅಮ್ಮಾ." ಪಡಸಾಲೆಯ ಬೋಗುಣಿಯ ಕಡೆ ನೋಡಿ ಹೇಳಿದಳು, "ಅದಕ್ಕ ಅಳಾಕ ದನಿನೂ ಇಲ್ರಿ."

ಮೆಣಸಿನಕಾಯಿಯ ಖಾರ ನಕ್ಷತ್ರ ಮೀನಿಗೆ ತಾಗುತ್ತದೋ ಇಲ್ಲವೋ, ಸುಶೀಲವ್ವ ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಏನೂ ಆಗುವುದಿಲ್ಲ, ಮುಟ್ಟು ಎಂದುಬಿಡಬಹುದಿತ್ತು. ಆದರೆ ಈ ಹುಡುಗಿಯ ಮುಂದೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲು ಬಾಯಿ ಬರಲಿಲ್ಲ.

ಹೊರಗಿನಿಂದ ಇಸಾಕಸಾಬರು ಕೂಗಿದರು. "ಬಾಯಾರ, ಹೊತ್ತಾತ್ರಿ. ಕತ್ತಲಾಗೂದರೊಳಗ ಘಟ್ಟ ಇಳೀಬೇಕು ನಾವು."

"ಒಂಚೂರು ನಿಂದರ್ರಿ ಸಾಬರ!" ಎಂದರು ಸುಶೀಲವ್ವ. ಆಮೇಲೆ ಹುಡುಗಿಯ ಕಡೆ ಬಗ್ಗಿದರು. "ಜೈತೂನ, ಕೂಸಿಗೆ ಎರಿಯೂ ನೀರು ಭಾಳ ಕಾದಾವೇನೋ ಅಂತ ಮನ್ಯಾಗ ಹೆಂಗ ನೋಡ್ತೀರಿ?"

"ಮೊಣಕೈ ಅದ್ದಿ..." ಮಾತು ಮುಗಿಯುವ ಮೊದಲೇ ಹುಡುಗಿಯ ಮುಖ ಅರಳಿತು. ಪಡಸಾಲೆಗೆ ಓಡಿದಳು.

ಬೋಗುಣಿಯ ಮುಂದೆ ಮಂಡಿಯೂರಿ, ಮುಷ್ಟಿ ಬಿಗಿದು ಕೈ ಮೇಲೆತ್ತಿ ಹಿಡಿದು, ಮೊಣಕೈಯನ್ನು ನೀರಿನ ತಳಕ್ಕೆ ಇಳಿಸಿದಳು. ನಕ್ಷತ್ರ ಮೀನು ಮಿಸುಕಲಿಲ್ಲ. ಗದ್ದಲ ಮಾಡುತ್ತಿದ್ದ ಮಕ್ಕಳು ಬೋಗುಣಿಯ ಸುತ್ತ ಬಗ್ಗಿ ನೋಡಿದರು. ಇಸಾಕಸಾಬರು ಕ್ಯಾನು ಹಿಡಿದು ಒಳಗೆ ಬಂದವರು ಹಾಗೆಯೇ ನಿಂತರು. ಎಷ್ಟೋ ಹೊತ್ತಿನ ಮೇಲೆ ಅದರ ಒಂದು ತೋಳು ಸ್ವಲ್ಪ ಎದ್ದು ಅವಳ ಚರ್ಮದ ಮೇಲೆ ಒರಗಿತು. ಆಮೇಲೆ ಇನ್ನೊಂದು. ತೋಳುಗಳ ಕೆಳಗಿನ ನೂರಾರು ಎಳೆಗಾಲುಗಳು ಮೆಲ್ಲಗೆ ಅವಳನ್ನು ಹತ್ತತೊಡಗಿದವು.

"ಮುಟ್ಟಿದೇನ?" ಸುಶೀಲವ್ವ ಪಿಸುಗುಟ್ಟಿದರು.

ಜೈತೂನ ರೆಪ್ಪೆಯನ್ನೂ ಅಲುಗಿಸಲಿಲ್ಲ.

"ನಾ ಎಲ್ಲಿ ಮುಟ್ಟೇನ್ರಿ ಅಕ್ಕಾರ... ಅದ ನನ್ನ ಹಿಡಕೊಂಡೈತಿ."